ರೇಸ್ ಮುಗಿದ ಮೇಲೆ ಎಲ್ಲಿ ನಿಲ್ಲಬೇಕು

ಫೋಟೋ ತೆಗೆಯುವವರು ಮತ್ತು ವಿಡಿಯೋ ಗೇಮ್ ಆಡುವವರು ಒಟ್ಟಿಗೆ ಸೇರಿದ್ದ ಒಂದು ಸಣ್ಣ ಸಭೆಯಲ್ಲಿ ಆಡಿದ ಮಾತುಗಳಿವು. ಅಲ್ಲಿ ಪರದೆ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲ. ಹಾಗಾಗಿ ಅವುಗಳಲ್ಲಿ ಏನಿತ್ತು ಅನ್ನೋದನ್ನು ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಈ ಚಿತ್ರವನ್ನು ಸ್ವಲ್ಪ ಹೊತ್ತು ನೋಡಿ.

ಬೆಲ್ಜಿಯಂನ ಸ್ಪಾ ಟ್ರ್ಯಾಕ್. ಮಳೆ ಸುರಿಯುತ್ತಿದೆ. ಎರಡು ಕಾರುಗಳ ಹಿಂಭಾಗ ಕಾಣುತ್ತಿದೆ. ಎರಡರ ಬ್ರೇಕ್ ಲೈಟೂ ಹೊತ್ತಿದೆ. ಆ ಕೆಂಪು ಒದ್ದೆ ರಸ್ತೆಯ ಮೇಲೆ ಉದ್ದಕ್ಕೆ ಇಳಿದು, ನಮ್ಮ ಕಾಲ ಬುಡದವರೆಗೂ ಬಂದಿದೆ. ಟೈರಿನಿಂದ ಎದ್ದ ನೀರು ಹೊಗೆಯ ಹಾಗೆ ನಿಂತಿದೆ. ಅದೂ ತಿಳಿ ಗುಲಾಬಿ ಬಣ್ಣಕ್ಕೆ ತಿರುಗಿದೆ. ಎರಡು ಕಾರುಗಳ ನಡುವೆ ಒಂದು ಗೇಣು ಜಾಗ. ಅಷ್ಟೇ.

ಇದು ಗ್ರಾನ್ ಟ್ಯುರಿಸ್ಮೊ 7 ಅನ್ನೋ ಕಾರ್ ರೇಸ್ ವಿಡಿಯೋ ಗೇಮಿನ ಚಿತ್ರ. ಮುಂದಿನ ಎರಡು ಕಾರಿನಲ್ಲಿ ಒಂದು ನನ್ನದು. ಆದರೆ ರೇಸ್ ಆಡುವಾಗ ಈ ನೋಟವನ್ನು ನಾನು ನೋಡೇ ಇಲ್ಲ. ಸ್ಟೀರಿಂಗ್ ಹಿಡಿದವನಿಗೆ ತನ್ನ ಕಾರಿನ ಹಿಂದೆ ಎದ್ದ ನೀರು ಕಾಣೋದಿಲ್ಲ, ಅಲ್ವಾ? ರೇಸ್ ಮುಗಿದ ಮೇಲೆ, ಆಡಿದ್ದನ್ನು ಮತ್ತೆ ತೋರಿಸುವ ರೀಪ್ಲೇಯನ್ನು ಉಳಿಸಿಕೊಂಡೆ. ಮೂರು ಸಂಜೆ ಅದರೊಳಗೆ ಓಡಾಡಿದೆ. ಆಮೇಲೆ ಇದು ಸಿಕ್ಕಿತು. ಹೇಗೆ ಸಿಕ್ಕಿತು ಅನ್ನೋದನ್ನು ಹೇಳೋದಕ್ಕೇ ಇವತ್ತು ಬಂದಿದ್ದೇನೆ.

ಮೊದಲು ರೀಪ್ಲೇ ಅಂದರೆ ಏನು ಅಂತ ನೋಡೋಣ. ತುಂಬಾ ಜನ ಅದನ್ನು ವಿಡಿಯೋ ಅಂದುಕೊಂಡಿದ್ದಾರೆ. ಅದು ವಿಡಿಯೋ ಅಲ್ಲ.

1993ರಲ್ಲಿ ಡೂಮ್ ಅನ್ನೋ ಆಟ ಬಂತು. ಅದರಲ್ಲಿ ನಾವು ಆಡಿದ್ದನ್ನು ‘ಡೆಮೋ’ ಅಂತ ಉಳಿಸಿಕೊಳ್ಳಬಹುದಿತ್ತು. ಆ ಫೈಲಿನಲ್ಲಿ ಒಂದೇ ಒಂದು ಚಿತ್ರವೂ ಇರುತ್ತಿರಲಿಲ್ಲ. ಆಟಗಾರ ಎಷ್ಟು ಮುಂದೆ ಹೋದ, ಎಷ್ಟು ಪಕ್ಕಕ್ಕೆ ಸರಿದ, ಎಷ್ಟು ತಿರುಗಿದ, ಯಾವ ಗುಂಡಿ ಒತ್ತಿದ ಅನ್ನೋದು ಮಾತ್ರ ಇರುತ್ತಿತ್ತು. ಸೆಕೆಂಡಿಗೆ 35 ಸಲ, ಸಲಕ್ಕೆ ಬರೀ 4 ಬೈಟ್. ಅಂದರೆ ಒಂದು ನಿಮಿಷದ ಆಟಕ್ಕೆ 8,400 ಬೈಟ್. ಇವತ್ತು ಫೋನಿನಲ್ಲಿ ತೆಗೆದ ಒಂದು 4 ಎಂಬಿ ಫೋಟೋದ ಜಾಗದಲ್ಲಿ ಸುಮಾರು 8 ಗಂಟೆಯ ಆಟವೇ ಹಿಡಿಯುತ್ತೆ! ಡೆಮೋ ಹಾಕಿದಾಗ ಡೂಮ್ ಆ ಲೆಕ್ಕ ಓದಿಕೊಂಡು ಇಡೀ ಆಟವನ್ನು ಹೊಸದಾಗಿ ಆಡಿ ತೋರಿಸುತ್ತಿತ್ತು.

ನಮ್ಮ ಮನೆಯಲ್ಲಿ ಅಮ್ಮನ ಹತ್ತಿರ ಒಂದು ಹಳೇ ರಂಗೋಲಿ ನೋಟ್‌ಬುಕ್ ಇದೆ. ಅದರಲ್ಲಿ ಕೆಲವು ಹಾಳೆಗಳಲ್ಲಿ ಚುಕ್ಕಿ ಲೆಕ್ಕ ಮಾತ್ರ ಇದೆ. ಎಷ್ಟು ಚುಕ್ಕಿ, ಎಷ್ಟು ಸಾಲು, ಎಲ್ಲಿಂದ ಎಲ್ಲಿಗೆ ಗೆರೆ ಎಳೆಯಬೇಕು. ಅದನ್ನು ನೋಡಿಕೊಂಡು ಅಂಗಳದಲ್ಲಿ ಬಿಟ್ಟರೆ ಪ್ರತಿ ಸಲವೂ ಅದೇ ರಂಗೋಲಿ ಮೂಡುತ್ತೆ. ರೀಪ್ಲೇ ಅಂದರೆ ಆ ಲೆಕ್ಕ. ರಂಗೋಲಿಯ ಫೋಟೋ ತೆಗೆದಿಟ್ಟರೆ, ಫೋಟೋ ತೆಗೆದವರು ನಿಂತ ಕಡೆಯಿಂದ ಮಾತ್ರ ನೋಡಬಹುದು. ಲೆಕ್ಕ ಇದ್ದರೆ ಮತ್ತೆ ಬಿಡಿಸಿ ಹೊಸಿಲಿನ ಮೇಲೆ ನಿಂತು ನೋಡಬಹುದು, ತಾರಸಿ ಹತ್ತಿ ನೋಡಬಹುದು, ನೆಲಕ್ಕೆ ಗಲ್ಲ ತಾಗಿಸಿಯೂ ನೋಡಬಹುದು. ಒಂದು ಚುಕ್ಕಿ ತಪ್ಪಿದರೆ ಮಾತ್ರ ಕಥೆ ಮುಗೀತು, ಗೆರೆಗಳೆಲ್ಲ ಎಲ್ಲೆಲ್ಲೋ ಹೋಗುತ್ತವೆ. ಡೂಮ್ ಡೆಮೋದಲ್ಲೂ ಹೀಗೇ ಆಗುತ್ತಿತ್ತು. ಒಂದು ಆವೃತ್ತಿಯಲ್ಲಿ ಉಳಿಸಿದ್ದನ್ನು ಇನ್ನೊಂದರಲ್ಲಿ ಹಾಕಿದರೆ, ಲೆಕ್ಕ ಎಲ್ಲೋ ಒಂದು ಕಡೆ ತಪ್ಪಿ ಆಟಗಾರ ಹೋಗಿ ಗೋಡೆಗೆ ಮುಖ ಕೊಟ್ಟು ನಡೆಯುತ್ತಲೇ ಇರುತ್ತಿದ್ದ.

ಈಗಿನ ಆಟಗಳು ಬೇರೆ ಬೇರೆ ಥರ ಬರೆದಿಡುತ್ತವೆ. ಕೆಲವು ಗುಂಡಿ ಒತ್ತಿದ್ದನ್ನು ಬರೆದಿಡುತ್ತವೆ, ಕೆಲವು ಪ್ರತಿಯೊಂದು ವಸ್ತು ಯಾವ ಕ್ಷಣ ಎಲ್ಲಿತ್ತು ಅಂತ ಬರೆದಿಡುತ್ತವೆ. ಹೇಗೇ ಇರಲಿ, ನಮಗೆ ಸಿಗುವ ಲಾಭ ಒಂದೇ. ನಡೆದದ್ದು ನಡೆದ ಹಾಗೇ ಇರುತ್ತೆ. ಅದನ್ನು ಕೂದಲೆಳೆಯಷ್ಟೂ ಬದಲಿಸಲು ಆಗೋದಿಲ್ಲ. ಆದರೆ ಎಲ್ಲಿ ನಿಂತು ನೋಡಬೇಕು, ಯಾವ ಕ್ಷಣದಲ್ಲಿ ನಿಲ್ಲಿಸಬೇಕು ಅನ್ನೋದು ಪೂರ್ತಿ ನಮ್ಮ ಕೈಯಲ್ಲಿದೆ. ನನಗೆ ಈ ಕೆಲಸ ಇಷ್ಟು ಹಿಡಿಸಿದ್ದು ಇದಕ್ಕೇ.

ಗ್ರಾನ್ ಟ್ಯುರಿಸ್ಮೊ ಸರಣಿಯ ಮೊದಲ ಆಟ ಜಪಾನಿನಲ್ಲಿ ಬಂದಿದ್ದು 1997ರ ಡಿಸೆಂಬರ್‌ನಲ್ಲಿ. ಆಗಲೇ ರೇಸ್ ಮುಗಿದ ಮೇಲೆ ಟಿವಿಯಲ್ಲಿ ತೋರಿಸುವ ಹಾಗೆ ಟ್ರ್ಯಾಕ್ ಬದಿಯ ಕ್ಯಾಮೆರಾಗಳಿಂದ ರೀಪ್ಲೇ ತೋರಿಸುತ್ತಿತ್ತು. 2004ರ ಕೊನೆಗೆ ಬಂದ ನಾಲ್ಕನೇ ಆಟದಲ್ಲಿ, ಆಟದೊಳಗೇ ಫೋಟೋ ತೆಗೆಯುವ ಫೋಟೋ ಮೋಡ್ ಸೇರಿತು. ತೆಗೆದ ಚಿತ್ರವನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಬಹುದಿತ್ತು, ಆಟ ಆಡುವ ಯಂತ್ರ ಪ್ಲೇಸ್ಟೇಷನ್ 2ಕ್ಕೇ ಪ್ರಿಂಟರ್ ಜೋಡಿಸಿ ಕಾಗದದ ಮೇಲೆ ಇಳಿಸಲೂಬಹುದಿತ್ತು. ಇಪ್ಪತ್ತು ವರ್ಷದ ಹಿಂದೆಯೇ ಒಂದು ಆಟ ‘ನಿನ್ನ ಚಿತ್ರ ಗೋಡೆಗೆ ಹಾಕೋ ಯೋಗ್ಯತೆ ಇರೋದು’ ಅಂತ ಹೇಳಿದ ಹಾಗಾಯ್ತು. ಆ ಗೌರವ ನನಗೆ ತುಂಬಾ ಇಷ್ಟ.

ಏಳನೇ ಆಟ 2022ರ ಮಾರ್ಚ್‌ನಲ್ಲಿ ಬಂತು. ಅದರಲ್ಲಿ ಗಮನಿಸಬೇಕಾದ ಒಂದು ವಿಷಯ ಇದೆ. ಅದು ಬಂದಾಗ ಪ್ಲೇಸ್ಟೇಷನ್ 5ರಲ್ಲಿ ಬೆಳಕಿನ ಕಿರಣಗಳ ಲೆಕ್ಕ ಹಾಕಿ ಪ್ರತಿಬಿಂಬ ಮೂಡಿಸುವ ರೇ ಟ್ರೇಸಿಂಗ್ ರೇಸ್ ಆಡುವಾಗ ಇರಲಿಲ್ಲ. ರೀಪ್ಲೇ ನೋಡುವಾಗ, ಫೋಟೋ ತೆಗೆಯುವಾಗ ಇತ್ತು. ಅಂದರೆ ಪಕ್ಕದ ಕಾರಿನ ಬಣ್ಣ ನಿಮ್ಮ ಕಾರಿನ ಬಾಗಿಲ ಮೇಲೆ ಸರಿಯಾಗಿ ಮೂಡುತ್ತಿದ್ದದ್ದು ಆಟ ಮುಗಿದ ಮೇಲೇ. ಆಡುವಾಗ ಸ್ಕ್ರೀನ್‌ಶಾಟ್ ಗುಂಡಿ ಒತ್ತಿ ತೃಪ್ತಿಪಟ್ಟುಕೊಳ್ಳೋರಿಗೆ ಆಗ ಅದು ಸಿಗುತ್ತಲೇ ಇರಲಿಲ್ಲ.

ಈಗ ಶಟರ್ ವಿಷಯಕ್ಕೆ, ಅಂದರೆ ಕ್ಯಾಮೆರಾ ಎಷ್ಟು ಹೊತ್ತು ಬೆಳಕನ್ನು ಒಳಗೆ ಬಿಡುತ್ತೆ ಅನ್ನೋದಕ್ಕೆ ಬರೋಣ. ನಿಜವಾದ ಕ್ಯಾಮೆರಾ ಹಿಡಿದವರಿಗೆ ಗೊತ್ತಿರೋದೇ. ಆದರೂ ಆಟದಲ್ಲಿ ಎಲ್ಲರೂ ಎಡವೋದು ಇಲ್ಲೇ. ಕಾರು ಚೂಪಾಗಿ, ಸ್ಪಷ್ಟವಾಗಿ ಬರಲಿ ಅಂತ ಶಟರ್‌ನ್ನು 1/1000 ಸೆಕೆಂಡಿಗೆ ಇಡುತ್ತಾರೆ. ಚಿತ್ರದಲ್ಲಿ ಕಾರು ಮನೆ ಮುಂದೆ ನಿಲ್ಲಿಸಿದ ಹಾಗೆ ಬರುತ್ತೆ.

ಲೆಕ್ಕ ಹಾಕಿ ನೋಡಿ. ಕಾರು ಗಂಟೆಗೆ 180 ಕಿ.ಮೀ. ವೇಗದಲ್ಲಿದೆ ಅನ್ನೋಣ. ಸೆಕೆಂಡಿಗೆ 50 ಮೀಟರ್. 1/1000 ಸೆಕೆಂಡಿನಲ್ಲಿ ಅದು ಹೋಗೋದು 5 ಸೆಂಟಿಮೀಟರ್. ಟೈರಿನ ಸುತ್ತಳತೆ ಸುಮಾರು 2 ಮೀಟರ್ ಅಂದುಕೊಂಡರೆ, ಚಕ್ರ ತಿರುಗೋದು ಬರೀ 9 ಡಿಗ್ರಿ. ಗಡಿಯಾರದ ನಿಮಿಷದ ಮುಳ್ಳು ಒಂದೂವರೆ ನಿಮಿಷದಲ್ಲಿ ಸರಿಯುವಷ್ಟು. ಚಕ್ರದ ಕಡ್ಡಿಗಳೆಲ್ಲ ಎಣಿಸುವ ಹಾಗೆ ನಿಂತುಬಿಡುತ್ತವೆ. ಅದೇ 1/60ಕ್ಕೆ ಇಳಿಸಿ. ಕಾರು 83 ಸೆಂಟಿಮೀಟರ್ ಹೋಗುತ್ತೆ, ಚಕ್ರ 150 ಡಿಗ್ರಿ ತಿರುಗುತ್ತೆ. ಕಡ್ಡಿಗಳು ಕರಗಿ ಒಂದು ಹೊಳೆಯುವ ತಟ್ಟೆ ಆಗುತ್ತೆ. ಜೊತೆಗೆ ಪ್ಯಾನಿಂಗ್ ಹಾಕಿಕೊಂಡರೆ, ಅಂದರೆ ಕ್ಯಾಮೆರಾವೂ ಕಾರಿನ ಜೊತೆಗೇ ತಿರುಗಿದರೆ, ಕಾರಿನ ಮೈ ಚೂಪಾಗಿ ಉಳಿದು ಹಿಂದಿನ ಬೇಲಿ, ಜನ, ಜಾಹೀರಾತು ಎಲ್ಲ ಗೆರೆಗಳಾಗುತ್ತವೆ. ಆಟದಲ್ಲಿ ಶಟರ್ ಅನ್ನೋ ವಸ್ತು ಇಲ್ಲ, ನಿಜ. ಎಲ್ಲ ಲೆಕ್ಕ. ಆದರೆ ಆ ಲೆಕ್ಕ ನಿಜವಾದ ಕ್ಯಾಮೆರಾದ್ದೇ.

ಫ್ರಾನ್ಸಿನ ಫೋಟೋಗ್ರಾಫರ್ ಜಾಕ್ ಆನ್ರಿ ಲಾರ್ತೀಗ್ ಇನ್ನೂ ಇಪ್ಪತ್ತು ತುಂಬದ ಹುಡುಗನಾಗಿದ್ದಾಗ ತೆಗೆದ ರೇಸ್ ಕಾರಿನ ಒಂದು ಫೋಟೋ ಇದೆ. ನೂರು ವರ್ಷಕ್ಕೂ ಹಳೆಯದು. ಅದರಲ್ಲಿ ಕಾರಿನ ಚಕ್ರ ದುಂಡಗಿಲ್ಲ, ಮೊಟ್ಟೆಯ ಹಾಗೆ ಮುಂದಕ್ಕೆ ವಾಲಿದೆ. ರಸ್ತೆ ಬದಿಯ ಜನ ಹಿಂದಕ್ಕೆ ವಾಲಿದ್ದಾರೆ. ಆ ಕಾಲದ ಕ್ಯಾಮೆರಾದ ಶಟರ್ ಒಂದು ಸೀಳಿನಂತೆ, ಚಿತ್ರ ಮೂಡುವ ಪ್ಲೇಟಿನ ಮೇಲೆ ನಿಧಾನಕ್ಕೆ ಸರಿಯುತ್ತಿತ್ತು. ಅದು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗೋದರೊಳಗೆ ಕಾರು ಮುಂದೆ ಹೋಗಿತ್ತು, ಹುಡುಗ ಕ್ಯಾಮೆರಾವನ್ನೂ ತಿರುಗಿಸಿದ್ದ. ಹಾಗಾಗಿ ಎಲ್ಲ ಓರೆ. ಆದರೆ ಆ ಓರೆಯಿಂದಲೇ ಕಾರು ಇವತ್ತಿಗೂ ಓಡುತ್ತಿದೆ ಅನ್ನಿಸುತ್ತೆ. ಚಿತ್ರದಲ್ಲಿ ಯಾವುದೋ ಒಂದು ಕೈತಪ್ಪಿ ಹೋಗುತ್ತಿದೆ ಅನ್ನಿಸಬೇಕು. ಎಲ್ಲವೂ ಚೊಕ್ಕವಾಗಿ ನಿಂತಿದ್ದರೆ ಅಲ್ಲಿ ವೇಗ ಇರೋದಿಲ್ಲ.

ಕ್ಯಾಮೆರಾ ಎತ್ತರದ ಬಗ್ಗೆ ಹೇಳಬೇಕು ಅಂದರೆ ನನಗೆ ಕಂಬಳ ನೆನಪಾಗುತ್ತೆ. ಕರಾವಳಿಯಲ್ಲಿ ಕಂಬಳದ ಫೋಟೋ ತೆಗೆಯೋರನ್ನು ನೋಡಿದ್ದೀರಾ? ಕೋಣಗಳು ಬಂದು ನಿಲ್ಲುವ ಮಂಜೊಟ್ಟಿಯ ಹತ್ತಿರ, ಉದ್ದದ ಲೆನ್ಸ್ ಹಿಡಿದು, ಆದಷ್ಟು ತಗ್ಗಿ ಕೂತಿರುತ್ತಾರೆ. ಮೈಯೆಲ್ಲ ಕೆಸರಾದರೂ ಸರಿ, ಏಳೋದಿಲ್ಲ. ಯಾಕೆ? ಎದ್ದು ನಿಂತು ತೆಗೆದರೆ ಕೋಣಗಳ ಬೆನ್ನು ಕಾಣುತ್ತೆ, ನೀರು ಬರೀ ನೆಲದ ಬಣ್ಣದಲ್ಲಿ ಸೇರಿಹೋಗುತ್ತೆ. ತಗ್ಗಿ ಕೂತರೆ ಕೋಣಗಳು ನಮ್ಮ ಮೇಲೇ ನುಗ್ಗಿ ಬರುತ್ತವೆ, ಎದ್ದ ನೀರು ಆಕಾಶಕ್ಕೆ ತಾಗುತ್ತೆ. ಕಂಬಳದ ಕನೆಹಲಗೆ ಅನ್ನೋ ವಿಭಾಗದಲ್ಲಂತೂ ಮೇಲೆ ಕಟ್ಟಿದ ನಿಶಾನೆಗೆ ನೀರು ಮುಟ್ಟೋದೇ ಸ್ಪರ್ಧೆ. ಆ ನೀರಿನ ಎತ್ತರ ಗೊತ್ತಾಗಬೇಕು ಅಂದರೆ ಕೆಳಗಿನಿಂದಲೇ ನೋಡಬೇಕು.

ಆಟದಲ್ಲಿ ಕ್ಯಾಮೆರಾಗೆ ಮೈ ಇಲ್ಲ, ಕೆಸರಾಗೋ ಭಯ ಇಲ್ಲ. ಆದರೂ ನಾವು ಅದನ್ನು ಮನುಷ್ಯನ ಕಣ್ಣಿನ ಎತ್ತರದಲ್ಲೇ ಇಡುತ್ತೇವೆ. ಅಭ್ಯಾಸ ಬಲ. ಇಲ್ಲದಿದ್ದರೆ ಹೆಲಿಕಾಪ್ಟರ್ ಹಾಗೆ ಮೇಲಕ್ಕೆ ಒಯ್ಯುತ್ತೇವೆ, ಯಾಕೆಂದರೆ ಆಟ ಬಿಡುತ್ತೆ. ನನ್ನ ಅಭಿಪ್ರಾಯದಲ್ಲಿ ಹತ್ತರಲ್ಲಿ ಎಂಟು ಚಿತ್ರ ಮೊಣಕಾಲಿಗಿಂತ ಕೆಳಗಿಂದ ಚೆನ್ನಾಗಿ ಬರುತ್ತವೆ. ಇನ್ನೊಂದು ಮಾತು. ಹತ್ತಿರ ಹೋಗಿ ಅಗಲದ ಲೆನ್ಸ್ ಹಾಕೋ ಬದಲು, ದೂರ ನಿಂತು 200 ಮಿ.ಮೀ.ನ ಉದ್ದದ ಲೆನ್ಸ್ ಹಾಕಿ ನೋಡಿ. ಹಿಂದಿರುವ ಗುಡ್ಡ, ಮರ, ಹಿಂಬಾಲಿಸುವ ಕಾರು ಎಲ್ಲ ಒತ್ತಿಕೊಂಡು ಬಂದು ಒಂದರ ಬೆನ್ನಿಗೆ ಒಂದು ನಿಲ್ಲುತ್ತವೆ. ರೇಸ್ ಅಂದರೆ ಆ ಒತ್ತಡ ತಾನೇ?

ಸರಿ, ಆ ಸ್ಪಾ ಚಿತ್ರಕ್ಕೆ ವಾಪಸ್ ಬರೋಣ.

ಅದು ಮೂರನೇ ಸುತ್ತು. ಸ್ಪಾದ ಮೊದಲ ತಿರುವಿಗೆ ಲಾ ಸೂರ್ಸ್ ಅಂತಾರೆ. ಬಲಕ್ಕೆ ಪೂರ್ತಿ ಮಡಚಿಕೊಂಡ ತಿರುವು. ಅದಾದ ಮೇಲೆ ಇಳಿಜಾರು, ಆಮೇಲೆ ಓ ರೂಜ್ ಅನ್ನೋ ತಿರುವು ದಾಟಿ ಗುಡ್ಡ ಹತ್ತಬೇಕು. ನಾನು ಒಳಗಡೆಯಿಂದ ನುಗ್ಗಿದೆ. ಬ್ರೇಕ್ ಹಾಕಿದ್ದು ತಡ ಆಯ್ತು. ಪಕ್ಕದ ಕಾರಿಗೆ ತಾಗಿದೆ. ಅದು ಒಂದು ಸುತ್ತು ತಿರುಗಿತು, ನಾನೂ ಹೊರಗೆ ಹೋದೆ.

ಮೊದಲ ಸಂಜೆ ನಾನು ಆ ಡಿಕ್ಕಿಯ ಚಿತ್ರಗಳನ್ನೇ ತೆಗೆದೆ. ಮೂವತ್ತಕ್ಕೂ ಜಾಸ್ತಿ. ಎಡದಿಂದ, ಬಲದಿಂದ, ಮೇಲಿಂದ. ಒಂದೂ ಚೆನ್ನಾಗಿರಲಿಲ್ಲ. ಯಾಕೆ ಅಂತ ಹೊಳೆಯಲಿಲ್ಲ. ಎಲ್ಲ ಇತ್ತು. ನೀರು ಇತ್ತು, ಓರೆಯಾದ ಕಾರು ಇತ್ತು, ಬೆಳಕೂ ಇತ್ತು. ಎರಡನೇ ಸಂಜೆ ಅವನ್ನೆಲ್ಲ ಸಾಲಾಗಿ ಇಟ್ಟುಕೊಂಡು ನೋಡುತ್ತಾ ಕೂತಾಗ ಗೊತ್ತಾಯ್ತು. ಡಿಕ್ಕಿ ಆದ ಮೇಲೆ ನೋಡೋರಿಗೆ ಕೇಳೋದಕ್ಕೆ ಏನೂ ಉಳಿಯೋದಿಲ್ಲ. ಎಲ್ಲ ಉತ್ತರ ಅಲ್ಲೇ ಇದೆ.

ಹಾಗಾಗಿ ಹಿಂದಕ್ಕೆ ಹೋದೆ. ಒಂದು ಹತ್ತು ನಿಮಿಷದ ರೇಸ್, ಸೆಕೆಂಡಿಗೆ 60 ಫ್ರೇಮ್ ಅಂದರೆ 36,000 ಫ್ರೇಮ್. ಅಷ್ಟನ್ನೂ ನೋಡೋದು ಬೇಡ, ಆ ತಿರುವಿನ ಮುಂಚಿನ ನಾಲ್ಕು ಸೆಕೆಂಡ್ ಸಾಕು ಅಂದುಕೊಂಡೆ. ಅದೂ 240 ಫ್ರೇಮ್. ನಿಲ್ಲಿಸೋದು, ಸ್ವಲ್ಪ ಬಿಡೋದು, ಮತ್ತೆ ನಿಲ್ಲಿಸೋದು. ಡಿಕ್ಕಿಗೆ ಸುಮಾರು ಒಂದೂವರೆ ಸೆಕೆಂಡ್ ಮುಂಚೆ ಒಂದು ಕ್ಷಣ ಇತ್ತು. ಆಚೆಯವನ ಬ್ರೇಕ್ ಲೈಟ್ ಆಗಲೇ ಹೊತ್ತಿತ್ತು. ನನ್ನದು ಆಗಷ್ಟೇ ಹೊತ್ತಿತು. ಅದಕ್ಕಿಂತ ಒಂದು ಫ್ರೇಮ್ ಹಿಂದೆ ಹೋದರೆ ನನ್ನ ಕಾರಿನ ಹಿಂಭಾಗ ಕತ್ತಲು. ಆ ಎರಡು ಕೆಂಪಿನ ನಡುವಿನ ತಡವೇ ಇಡೀ ಅಪಘಾತದ ಕಾರಣ. ಅದು ನನಗೆ ಆಡುವಾಗ ಗೊತ್ತಿರಲಿಲ್ಲ. ರೀಪ್ಲೇಯಲ್ಲೂ ಡಿಕ್ಕಿಯನ್ನೇ ನೋಡುತ್ತಿದ್ದಷ್ಟು ಹೊತ್ತು ಗೊತ್ತಾಗಲಿಲ್ಲ.

ಮೂರನೇ ಸಂಜೆ ಪೂರ್ತಿ ಎಲ್ಲಿ ನಿಲ್ಲೋದು ಅನ್ನೋದಕ್ಕೇ ಹೋಯ್ತು. ಕ್ಷಣ ಅದೇ, ಜಾಗ ಮಾತ್ರ ಬದಲಾಗುತ್ತಿತ್ತು. ಮುಂದಿನಿಂದ ನೋಡಿದರೆ ಹೆಡ್‌ಲೈಟ್ ಎಲ್ಲವನ್ನೂ ನುಂಗಿ ಹಾಕುತ್ತಿತ್ತು. ಪಕ್ಕದಿಂದ ನೋಡಿದರೆ ನಡುವಿನ ಗೇಣು ಜಾಗ ಕಾಣುತ್ತಿರಲಿಲ್ಲ. ಹಿಂದೆ ಬಂದು ಕ್ಯಾಮೆರಾವನ್ನು ರಸ್ತೆಗೆ ತಾಗುವಷ್ಟು ಇಳಿಸಿದಾಗ ಒದ್ದೆ ಡಾಂಬರು ಕನ್ನಡಿ ಆಯ್ತು. ಆ ಕೆಂಪು ಗೆರೆಗಳು ಮೂಡಿದವು. ನನ್ನ ಕೈ ತಾನಾಗೇ ನಿಂತುಬಿಡ್ತು. ಚಿತ್ರದ ಎಡಗಡೆ ಒಂದು ಬಿಳಿ ಜಾಹೀರಾತು ಫಲಕ ಕಣ್ಣು ಕುಕ್ಕುತ್ತಿತ್ತು. ಕ್ಯಾಮೆರಾವನ್ನು ಬಲಕ್ಕೆ ಚೂರು ಸರಿಸಿ ಅದನ್ನು ಕಾರಿನ ಹಿಂದೆ ಅಡಗಿಸಿದೆ. ಅಷ್ಟೇ ಮಾಡಿದ್ದು.

ಬೆಳಕಿನ ಬಗ್ಗೆ ಒಂದು ಮಾತು. ಇದು ಮಾತ್ರ ರೇಸ್‌ಗೆ ಮುಂಚೆಯೇ ಆಗಬೇಕಾದ ಕೆಲಸ. ಮಧ್ಯಾಹ್ನ ಓಡಿಸಿದ ರೇಸ್‌ನ ರೀಪ್ಲೇಯಲ್ಲಿ ಸಂಜೆ ಬೇಕು ಅಂದರೆ ಎಲ್ಲಿಂದ ತರೋದು? ಗ್ರಾನ್ ಟ್ಯುರಿಸ್ಮೊ 7ರಲ್ಲಿ ನಾವೇ ರೇಸ್ ಹೊಂದಿಸಿಕೊಳ್ಳುವಾಗ ಎಷ್ಟು ಹೊತ್ತಿಗೆ ಶುರುವಾಗಬೇಕು, ಹೊತ್ತು ಎಷ್ಟು ಬೇಗ ಸರಿಯಬೇಕು, ಹವೆ ಹೇಗಿರಬೇಕು ಎಲ್ಲ ಹೇಳಬಹುದು. ನನಗೆ ಇಷ್ಟವಾದ ಜಾಗ ಫ್ರಾನ್ಸಿನ ಸಾರ್ತ್ ಟ್ರ್ಯಾಕ್. ಲೆಮಾನ್ಸ್‌ನ 24 ಗಂಟೆಯ ರೇಸ್ ನಡೆಯೋದು ಅಲ್ಲೇ. ಒಂದು ಸುತ್ತು 13.626 ಕಿ.ಮೀ. ಹೊತ್ತು ಬೇಗ ಸರಿಯುವ ಹಾಗೆ ಇಟ್ಟು ಸಂಜೆಗೆ ಶುರು ಮಾಡಿದರೆ, ಒಂದೇ ರೇಸ್‌ನಲ್ಲಿ ಇಳಿಬಿಸಿಲು, ಮುಸ್ಸಂಜೆ, ಕತ್ತಲು ಮೂರೂ ಸಿಗುತ್ತವೆ. ಇಳಿಬಿಸಿಲಿಗೆ ಎದುರಾಗಿ ನಿಂತು ತೆಗೆಯಿರಿ. ಕಾರಿನ ಅಂಚಿಗೆ ಬಂಗಾರದ ಗೆರೆ ಎಳೆದ ಹಾಗೆ ಬರುತ್ತೆ, ಗಾಜಿನ ಮೇಲಿನ ಧೂಳೂ ಕಾಣುತ್ತೆ.

ಬೇರೆ ಆಟಗಳಲ್ಲೂ ಇದೇ ಮಾತು ನಡೆಯುತ್ತೆ. 2007ರಲ್ಲಿ ಬಂದ ಹೇಲೋ 3ರಲ್ಲಿ ಥಿಯೇಟರ್ ಅಂತ ಒಂದು ವಿಭಾಗ ಇತ್ತು. ಆಡಿದ ಆಟವನ್ನು ಮತ್ತೆ ಹಾಕಿ, ಕ್ಯಾಮೆರಾವನ್ನು ಬೇಕಾದಲ್ಲಿ ಹಾರಿಸಿ ಚಿತ್ರ ತೆಗೆಯಬಹುದಿತ್ತು. ಎಷ್ಟೋ ಜನಕ್ಕೆ ಈ ಹುಚ್ಚು ಹಿಡಿದಿದ್ದು ಅಲ್ಲಿಂದಲೇ. ಕಾರುಗಳಿಂದ ಫುಟ್‌ಬಾಲ್ ಆಡುವ ರಾಕೆಟ್ ಲೀಗ್‌ನಲ್ಲಿ ಕಾರು ಚೆಂಡಿಗೆ ತಾಗಿದ ಕ್ಷಣಕ್ಕಿಂತ, ತಾಗೋದಕ್ಕೆ ನಾಲ್ಕೈದು ಫ್ರೇಮ್ ಮುಂಚೆ, ಇಬ್ಬರು ಗಾಳಿಯಲ್ಲಿ ಚೆಂಡಿನ ಕಡೆ ಮುಖ ಮಾಡಿರುವ ಕ್ಷಣ ಎಷ್ಟೋ ಚೆನ್ನ. ಕ್ರಿಕೆಟ್ ಆಟಗಳಲ್ಲೂ ಬೇಲ್ಸ್ ಹಾರಿದ ಮೇಲಿನದ್ದಲ್ಲ, ಚೆಂಡು ಬ್ಯಾಟು ದಾಟಿ ಸ್ಟಂಪಿಗೆ ಇನ್ನೂ ಮುಟ್ಟದ ಕ್ಷಣ ಹುಡುಕಿ.

ಒಂದು ಎಚ್ಚರಿಕೆ. ಒಂದು ಆಟದಲ್ಲಿ ನನ್ನ ಹತ್ತಿರ ಎರಡು ವರ್ಷದ ರೀಪ್ಲೇಗಳಿದ್ದವು. ಆಮೇಲೆ ನೋಡೋಣ, ಎಲ್ಲಿಗೆ ಹೋಗುತ್ತವೆ ಅಂತ ಇಟ್ಟಿದ್ದೆ. ದೊಡ್ಡ ಅಪ್‌ಡೇಟ್ ಒಂದು ಬಂತು. ಹಳೆಯವು ಒಂದೂ ತೆರೆಯಲಿಲ್ಲ. ಡೂಮ್ ಕಾಲದ ಚುಕ್ಕಿ ಲೆಕ್ಕದ ಸಮಸ್ಯೆಯೇ, ಆಟದ ಒಳಗಿನ ಲೆಕ್ಕ ಬದಲಾದರೆ ಹಳೇ ಹಾಳೆ ಓದಲು ಆಗೋದಿಲ್ಲ. ಅದರಲ್ಲಿ ನನ್ನ ತಮ್ಮ ಊರಿಗೆ ಬಂದಾಗ ನಾವಿಬ್ಬರೂ ಆಡಿದ ಒಂದು ರೇಸ್ ಇತ್ತು. ಕೊನೇ ತಿರುವಿನಲ್ಲಿ ಅವನು ನನ್ನನ್ನು ದಾಟಿದ್ದ. ಅದರ ಒಂದು ಚಿತ್ರವೂ ನನ್ನ ಹತ್ತಿರ ಇಲ್ಲ. ಇವತ್ತಿಗೂ ಬೇಜಾರಾಗುತ್ತೆ. ಇಷ್ಟವಾದ ರೇಸ್ ಇದ್ದರೆ ಅದೇ ವಾರ ಕೂತು ಚಿತ್ರ ತೆಗೆದುಬಿಡಿ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಎರಡನ್ನು ಇಲ್ಲಿ ಬರೆಯುತ್ತೇನೆ.

ಹಿರಿಯರೊಬ್ಬರು, ಮದುವೆ ಫೋಟೋ ತೆಗೆದು ಜೀವನ ಮಾಡಿದವರು, ಎದ್ದು ನಿಂತು ಕೇಳಿದರು: “ಕಾರು ಬಿಡಿಸಿದ್ದು ಅವರು, ರಸ್ತೆ ಮಾಡಿದ್ದು ಅವರು, ಬೆಳಕೂ ಅವರದ್ದೇ. ಇದರಲ್ಲಿ ನಿಮ್ಮದು ಏನಪ್ಪಾ?”

ನಾನು ಹೇಳಿದೆ: “ಸರ್, ಮದುವೆಯಲ್ಲಿ ಮಂಟಪ ಕಟ್ಟಿದ್ದು ನೀವಲ್ಲ, ಸೀರೆ ನೇಯ್ದಿದ್ದು ನೀವಲ್ಲ, ತಾಳಿ ಕಟ್ಟಿದ್ದೂ ನೀವಲ್ಲ. ಆದರೂ ಆ ಆಲ್ಬಮ್ ನಿಮ್ಮದೇ. ಧಾರೆ ಎರೆಯುವಾಗ ಎಲ್ಲರೂ ಹುಡುಗಿಯನ್ನು ನೋಡುತ್ತಿದ್ದರೆ, ನೀವು ಹುಡುಗಿಯ ಅಪ್ಪನ ಕೈ ನೋಡಿರ್ತೀರಿ. ಅಲ್ಲಿ ನೋಡಬೇಕು ಅಂತ ನಿಮಗೆ ಯಾರೂ ಹೇಳಿರೋದಿಲ್ಲ. ನನ್ನದೂ ಅಷ್ಟೇ. ಆಟ ಮಾಡಿದವರ ಕೆಲಸಕ್ಕೆ ನನಗೆ ತುಂಬಾ ಗೌರವ ಇದೆ. ಅದಕ್ಕೇ ಚಿತ್ರದ ಜೊತೆ ಆಟದ ಹೆಸರನ್ನು ಯಾವಾಗಲೂ ಬರೆಯುತ್ತೇನೆ.” ಅವರು ತಲೆಯಾಡಿಸಿ ಕೂತರು. ಆಮೇಲೆ ಕಾಫಿ ಕುಡಿಯುವಾಗ ಸ್ಪಾ ಚಿತ್ರವನ್ನು ಇನ್ನೊಂದು ಸಲ ತೋರಿಸಿ ಅಂತ ಕೇಳಿದರು. ಬಲಗಡೆ ಇನ್ನೂ ಎರಡು ಬೆರಳಿನಷ್ಟು ಜಾಗ ಬಿಡಬೇಕಿತ್ತು ಅಂದರು. ಮನೆಗೆ ಬಂದು ನೋಡಿದೆ. ಅವರು ಹೇಳಿದ್ದು ಸರಿ.

ಎರಡನೇ ಪ್ರಶ್ನೆ ಪಿಯುಸಿ ಓದುವ ಹುಡುಗನದ್ದು. “ಅಣ್ಣ, ನಾನು ಯಾವಾಗಲೂ ಕೊನೆಗೇ ಬರ್ತೀನಿ. ಸೋತ ರೇಸ್‌ನಲ್ಲಿ ಏನು ಫೋಟೋ ತೆಗೆಯೋದು?”

ಅವನ ಫೋನಿನಲ್ಲಿ ಒಂದು ಚಿತ್ರ ಇತ್ತು. ತೋರಿಸಿದ. ಮೇಲಿಂದ ತೆಗೆದದ್ದು. ಮುಂದೆ ಹನ್ನೆರಡು ಕಾರುಗಳು ಸಣ್ಣದಾಗಿ ಗುಂಪಾಗಿದ್ದವು. ಹಿಂದೆ ಒಂಟಿಯಾಗಿ ಅವನ ನೀಲಿ ಕಾರು. ಒಂದು ಚಕ್ರ ಹುಲ್ಲಿನ ಮೇಲಿತ್ತು. ಆ ಚಕ್ರದ ಹಿಂದೆ ಒಂದಿಷ್ಟು ಮಣ್ಣು ಎದ್ದಿತ್ತು. ಬೊಟ್ಟಿನಷ್ಟು ದೊಡ್ಡದು, ಅಷ್ಟೇ.

“ರೀಪ್ಲೇ ಇದೆಯಾ ಇನ್ನೂ?” ಅಂದೆ.

“ಇದೆ.”

“ಕ್ಯಾಮೆರಾವನ್ನು ಈ ಚಕ್ರದ ಹಿಂದೆ ಇಳಿಸು. ನೆಲಕ್ಕೆ. ಮಣ್ಣು ಹತ್ತಿರ ಇರಲಿ, ಆ ಹನ್ನೆರಡು ಕಾರು ದೂರದಲ್ಲಿ ಮಬ್ಬಾಗಿರಲಿ.”

ಅವನು ಫೋನ್ ಹತ್ತಿರ ಹಿಡಿದು, ಆ ಬೊಟ್ಟಿನಷ್ಟು ಮಣ್ಣನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದ. ಹಿಗ್ಗಿಸಿದಷ್ಟೂ ಮಸುಕಾಯ್ತು. “ಮನೆಗೆ ಹೋಗಿ ನೋಡ್ತೀನಿ” ಅಂದ. ಬಸ್ಸಿಗೆ ಹೊತ್ತಾಯ್ತು ಅಂತ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹೊರಟ.